ಶೋಶೋಳನ್ನು ಕೊಲ್ಲಬಾರದಿತ್ತು

ಅಕ್ಕ, ಊಟದ ತಟ್ಟೆ ಮೇಲೆ ಒಂದು ಕಲೆ. ಇಡೀ ಕಥೆ ಶುರುವಾಗೋದು ಅಲ್ಲಿಂದ. ಲಂಡನ್ನಿನ ದೊಡ್ಡ ಕ್ಲಬ್ಬು, ಸುತ್ತ ಊಟದ ಮೇಜುಗಳು, ನಡುವೆ ನುಣುಪಾದ ನೆಲದ ಮೇಲೆ ಒಂದು ಜೋಡಿ ಕುಣೀತಿದೆ. ಆ ಜೋಡೀನ ನೋಡೋಕೇ ಊರಿನ ಶ್ರೀಮಂತರೆಲ್ಲ ಸೇರಿದ್ದಾರೆ. ಅಷ್ಟರಲ್ಲಿ ಒಬ್ಬ ದಪ್ಪನೆಯ ಗಿರಾಕಿ, ತಟ್ಟೆ ಸರಿಯಾಗಿ ತೊಳೆದಿಲ್ಲ ಅಂತ ಗಲಾಟೆ ತೆಗೀತಾನೆ. ಕುಣಿತದ ರಂಗು ಹಾಳಾಗುತ್ತೆ. ಮಾಲೀಕ ವ್ಯಾಲೆಂಟೈನ್ ವಿಲ್ಮಟ್ ಆ ಕೊಳಕು ತಟ್ಟೆಯ ಜಾಡು ಹಿಡಿದು ಅಡುಗೆಮನೆಗೆ ಹೋಗ್ತಾನೆ. ಅಡುಗೆಯವರು ಪಾತ್ರೆ ತೊಳೆಯೋರ ಕಡೆ ಕೈ ತೋರಿಸ್ತಾರೆ. ಅಲ್ಲಿಗೆ ಹೋಗಿ ನೋಡಿದ್ರೆ ಯಾರೂ ಪಾತ್ರೆ ತೊಳೀತಾ ಇಲ್ಲ. ಒಬ್ಬಳು ಚೀನೀ ಹುಡುಗಿ ಮೇಜಿನ ಮೇಲೆ ನಿಂತು ಸೊಂಟ ತೂಗ್ತಾ ಕುಣೀತಿದ್ದಾಳೆ. ಮಿಕ್ಕವರೆಲ್ಲ ಒದ್ದೆ ಕೈಯಲ್ಲೇ ನಿಂತು ನೋಡ್ತಿದ್ದಾರೆ. ಅವಳ ಕಾಲ್ಚೀಲ ಹರಿದು ನೂಲು ಬಿಟ್ಟಿದೆ. ಮೈಮೇಲೆ ದುಡಿಯೋರ ಬಟ್ಟೆ. ಅವಳೇ ಶೋಶೋ.

ಯಾವ ಸಿನಿಮಾ ಅಂದ್ರಾ? ಕ್ಲಬ್ಬಿನ ಹೆಸರೇ ಸಿನಿಮಾಕ್ಕೂ: ‘ಪಿಕಡಿಲಿ’. 1929ರದ್ದು. ಲಂಡನ್ ಹತ್ತಿರದ ಎಲ್‌ಸ್ಟ್ರೀಯಲ್ಲಿ ಬ್ರಿಟಿಷ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅಂತ ಕಂಪನಿ ಇತ್ತು, ಅವರು ತೆಗೆದದ್ದು. ಮಾತಿಲ್ಲದ ಚಿತ್ರ, ಮೂಕಿ. ನಿರ್ದೇಶಕ ಇ. ಎ. ಡ್ಯೂಪಾಂಟ್ ಜರ್ಮನಿಯಿಂದ ಬಂದವರು. ಸರ್ಕಸ್ಸಿನ ಉಯ್ಯಾಲೆ ಆಟದವರ ಕಥೆ ‘ವರೈಟಿ’ಯನ್ನ 1925ರಲ್ಲಿ ತೆಗೆದು ಯೂರೋಪಿಗೆಲ್ಲ ಗೊತ್ತಾಗಿದ್ದವರು. ಕ್ಯಾಮೆರಾ ಹಿಡಿದ ವೆರ್ನರ್ ಬ್ರಾಂಡೆಸ್, ಸೆಟ್ ಕಟ್ಟಿಸಿದ ಆಲ್ಫ್ರೆಡ್ ಯುಂಗ, ಇಬ್ಬರೂ ಆ ಕಡೆಯವರೇ. ಕಥೆ ಮಾತ್ರ ಇಂಗ್ಲಿಷರದು. ಹೆಸರಾಂತ ಕಾದಂಬರಿಕಾರ ಆರ್ನಾಲ್ಡ್ ಬೆನೆಟ್ ಬರೆದದ್ದು. ತಟ್ಟೆ ಹಿಡ್ಕೊಂಡು ಸಿಡುಕ್ತಾನಲ್ಲ, ಆ ಗಿರಾಕಿ ಪಾತ್ರ ಮಾಡಿರೋದು ಚಾರ್ಲ್ಸ್ ಲಾಟನ್! ಆಗಿನ್ನೂ ಸಿನಿಮಾಕ್ಕೆ ಹೊಸಬರು. 1933ರ ಚಿತ್ರದಲ್ಲಿ ಎಂಟನೇ ಹೆನ್ರಿ ರಾಜನ ಪಾತ್ರ ಮಾಡಿ ಆಸ್ಕರ್ ಗೆದ್ದರಲ್ಲ, ಅವರೇ. ಇಲ್ಲಿರೋದು ಒಂದೇ ದೃಶ್ಯ, ಆದರೂ ಒಂದು ಸಲ ನೋಡಿದೋರು ಆ ಮುಖಾನ ಮರೆಯೋಲ್ಲ.

ಮಾತಿಲ್ಲದ್ದನ್ನ ಎಷ್ಟು ಹೊತ್ತು ಅಂತ ನೋಡೋದು ಅಂತೀರಾ? ಎಲ್ಲರೂ ಮೊದಲು ಹಾಗೇ ಅಂತಾರಕ್ಕ. ನೋಡೋಕೆ ಕೂತಾಗ ಒಂದು ಹತ್ತು ನಿಮಿಷ ಕಿವಿ ಮಾತಿಗೆ ಕಾಯುತ್ತೆ. ಆಮೇಲೆ ಕಣ್ಣೇ ಆ ಕೆಲಸ ವಹಿಸ್ಕೊಳ್ಳುತ್ತೆ. ಯಾರು ಯಾರನ್ನ ಯಾವಾಗ ನೋಡಿದ್ರು, ನೋಡಿ ಕಣ್ಣು ತಪ್ಪಿಸಿದ್ರಾ ಇಲ್ಲವಾ, ಬಾಗಿಲ ಹತ್ತಿರ ಎಷ್ಟು ಹೊತ್ತು ನಿಂತ್ರು, ಎಲ್ಲ ಗಮನಕ್ಕೆ ಬರುತ್ತೆ. ಮಾತಿನ ಸಿನಿಮಾದಲ್ಲಿ ನಾವು ಇದನ್ನೆಲ್ಲ ಬಿಟ್ಟುಬಿಡ್ತೀವಿ. ಡ್ಯೂಪಾಂಟ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸಿನಿಮಾದ ಹೆಸರು, ನಟರ ಹೆಸರು ತೋರಿಸೋದರಲ್ಲೇ ನೋಡಿ, ರಾತ್ರಿಯ ಬೀದಿಯಲ್ಲಿ ಡಬಲ್ ಡೆಕ್ಕರ್ ಬಸ್ಸುಗಳು ಹೋಗ್ತಿವೆ, ಬಸ್ಸಿನ ಮೈಮೇಲೆ ಜಾಹೀರಾತು ಬರೆಯೋ ಜಾಗದಲ್ಲಿ ಒಂದೊಂದೇ ಹೆಸರು. ಕಥೆ ಶುರುವಾಗೋ ಮುಂಚೆಯೇ ನೀವು ಊರಿನ ಒಳಗಿರ್ತೀರಿ.

ಈಗ ಜೋಡಿ ವಿಷಯ ಕೇಳಿ. ಕುಣೀತಿದ್ದವರು ಮೇಬಲ್, ಅವಳ ಜೊತೆಗಾರ ವಿಕ್. ಮೇಬಲ್‌ಗೂ ಮಾಲೀಕನಿಗೂ ಪ್ರೀತಿ. ವಿಕ್‌ಗೂ ಅವಳ ಮೇಲೇ ಮನಸ್ಸು. ತನ್ನ ಜೊತೆ ಹಾಲಿವುಡ್ಡಿಗೆ ಬಾ ಅಂತ ಅವನು ಅವಳನ್ನ ಕಾಡ್ತಾನೆ. ವಿಕ್ ಕ್ಲಬ್ಬು ಬಿಟ್ಟು ಹೋಗ್ತಾನೆ. ಶೋಶೋಗೂ ಕೆಲಸ ಹೋಗುತ್ತೆ. ಆಮೇಲೆ ಒಂದು ಸತ್ಯ ಹೊರಗೆ ಬರುತ್ತೆ: ಜನ ಬರ್ತಿದ್ದದ್ದು ವಿಕ್‌ಗಾಗಿ. ಒಬ್ಬಳೇ ಕುಣಿಯೋ ಮೇಬಲ್‌ನ ನೋಡೋಕೆ ಮೊದಲಿನ ಹಾಗೆ ಗಿರಾಕಿಗಳಿಲ್ಲ, ಮೇಜುಗಳು ಖಾಲಿ. ಆಗ ವಿಲ್ಮಟ್‌ಗೆ ನೆನಪಾಗೋದು ಪಾತ್ರೆ ಕೋಣೆಯ ಆ ಹುಡುಗಿ.

ನನಗೆ ತುಂಬ ಇಷ್ಟವಾದ ಭಾಗ ಇಲ್ಲಿಂದ ಶುರು. ಕೆಲಸ ಕೊಡ್ತೀನಿ ಅಂದ ಕೂಡಲೆ ಬೇರೆ ಕಥೇಲಾದ್ರೆ ಹುಡುಗಿ ಕೈಮುಗಿದು ನಿಲ್ತಿದ್ದಳು. ಶೋಶೋ ಕರಾರು ಹಾಕ್ತಾಳೆ. ಉಡುಪು ತಾನು ಹೇಳಿದ್ದೇ ಆಗಬೇಕು, ಅದನ್ನ ಲೈಮ್‌ಹೌಸಿನ ಅಂಗಡಿಯಿಂದಲೇ ತರಬೇಕು. ಲೈಮ್‌ಹೌಸ್ ಅಂದ್ರೆ ಲಂಡನ್ ಬಂದರಿನ ಕಡೆ, ಆಗ ಚೀನೀ ಜನ ನೆಲೆಸಿದ್ದ ಕೇರಿ. ವಾದ್ಯ ನುಡಿಸೋಕೆ ತನ್ನ ಗೆಳೆಯ ಜಿಮ್ಮೇ ಬೇಕು. ವಿಲ್ಮಟ್ ಆ ಅಂಗಡಿಗೆ ಹೋದಾಗ ಉಡುಪು ಹೇಗೆ ಕಾಣುತ್ತೆ ಅಂತ ತೋರಿಸೋಕೆ ಅದನ್ನ ಜಿಮ್‌ಗೇ ತೊಡಿಸ್ತಾಳೆ! ಅವನು ಅದನ್ನ ಹಾಕ್ಕೊಂಡು ನಿಂತಿದ್ದಾಗ ಅವನ ಮುಖ ನೋಡಬೇಕು ನೀವು. ಪ್ರೀತಿಸಿದವಳು ಕೈ ಜಾರಿ ಹೋಗ್ತಿದ್ದಾಳೆ ಅನ್ನೋದು ಅವನಿಗೆ ಆಗಲೇ ತಿಳಿದಿದೆ. ಒಂದು ಅಕ್ಷರ ಮಾತಿಲ್ಲ.

ಕರಾರಿನ ಕಾಗದಕ್ಕೆ ಸಹಿ ಹಾಕೋ ದೃಶ್ಯ ಇನ್ನೊಂದಿದೆ. ಶೋಶೋ ಚೀನೀ ಲಿಪಿಯಲ್ಲಿ ಹೆಸರು ಬರೀತಾಳೆ. ಅಲ್ಲಿ ಬರೆದಿರೋದು ಶೋಶೋ ಅಂತ ಅಲ್ಲ ಅಕ್ಕ. ಆ ನಟಿಯ ಸ್ವಂತ ಚೀನೀ ಹೆಸರು, ವಾಂಗ್ ಲಿಯು ತ್ಸೋಂಗ್. ಚೀನೀ ಓದು ಬರದ ಪ್ರೇಕ್ಷಕರಿಗೆ ಅದು ಬರೀ ಗೆರೆಗಳು. ಓದಬಲ್ಲವರಿಗೆ ಮಾತ್ರ, ಪಾತ್ರದ ಒಳಗಿಂದ ಆ ಹುಡುಗಿ ತಾನೇ ಎದ್ದು ಬಂದು ಸಹಿ ಹಾಕಿದ ಹಾಗಾಯ್ತು. ಯಾರು ಬರೆದ ಕಥೆಯೋ, ಯಾರು ಹೂಡಿದ ಹಣವೋ, ಆ ಕಾಗದದ ಮೇಲೆ ಮಾತ್ರ ಅವಳ ಹೆಸರು. ಅದನ್ನ ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತೆ.

ಲೋಕಕ್ಕೆ ಅವಳು ಆನಾ ಮೇ ವಾಂಗ್. ಹುಟ್ಟಿದ್ದು ಲಾಸ್ ಏಂಜಲೀಸಿನಲ್ಲಿ, 1905ರ ಜನವರಿ 3ಕ್ಕೆ. ಅಪ್ಪನದು ಲಾಂಡ್ರಿ. ಊರವರ ಬಟ್ಟೆ ಒಗೆದು ಇಸ್ತ್ರಿ ಹಾಕೋ ಮನೆಯಲ್ಲಿ ಬೆಳೆದ ಮಗು. ಆ ಕಾಲಕ್ಕೆ ಸಿನಿಮಾದವರು ಅಲ್ಲಿನ ಚೈನಾಟೌನಿನ ಬೀದಿಗಳಿಗೆ ಶೂಟಿಂಗಿಗೆ ಬರ್ತಿದ್ದರು. ಇವಳು ಅಲ್ಲಿ ಹೋಗಿ ನಿಂತು ಎಲ್ಲ ನೋಡೋಳು, ಎಲ್ಲ ಕೇಳೋಳು. ಶಾಲೆ ತಪ್ಪಿಸಿ ಸಿನಿಮಾಕ್ಕೆ ಹೋಗೋಳು. ಸಿನಿಮಾದವರು ಅವಳಿಗೆ ಕುತೂಹಲದ ಚೀನೀ ಮಗು ಅಂತಲೇ ಹೆಸರಿಟ್ಟಿದ್ದರಂತೆ. ಹದಿನೇಳನೇ ವಯಸ್ಸಿಗೆ, 1922ರಲ್ಲಿ, ‘ದಿ ಟೋಲ್ ಆಫ್ ದಿ ಸೀ’ ಚಿತ್ರಕ್ಕೆ ನಾಯಕಿ. ಟೆಕ್ನಿಕಲರ್‌ನ ಮೊದಲ ದಿನಗಳ ಬಣ್ಣದ ಚಿತ್ರ ಅದು. 1924ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಜೊತೆ ‘ದಿ ಥೀಫ್ ಆಫ್ ಬಾಗ್ದಾದ್’. ಅಲ್ಲಿ ಅವಳದು ಮಂಗೋಲ್ ದಾಸಿಯ ಪಾತ್ರ.

ಅಷ್ಟು ಹೆಸರು ಬಂದಮೇಲೆ ಹಾಲಿವುಡ್ ಯಾಕೆ ಬಿಟ್ಟಳು ಅಂತ ಕೇಳಿದ್ರಲ್ಲ, ಅದೇ ಮುಖ್ಯ. ಮುಖ್ಯ ಪಾತ್ರ ಚೀನೀ ಹೆಂಗಸಿನದಾದ್ರೆ ಬಿಳಿಯ ನಟಿಗೆ ಬಣ್ಣ ಬಳಿದು, ಕಣ್ಣು ಎಳೆದು ಕಟ್ಟಿ ನಿಲ್ಲಿಸೋರು. ಇವಳಿಗೆ ಉಳಿಯೋದು ದಾಸಿ, ಕಳ್ಳಿ, ವಂಚಕಿ. ಅಮೆರಿಕದಲ್ಲೇ ಹುಟ್ಟಿದವಳಾದರೂ ಚೀನೀಯರನ್ನ ಹೊರಗಿಡೋ ಕಾನೂನಿನ ದೆಸೆಯಿಂದ, ದೇಶ ಬಿಟ್ಟು ಹೋಗೋ ಮುಂಚೆ ಮತ್ತೆ ಒಳಗೆ ಬಿಡಿ ಅಂತ ಅರ್ಜಿ ತುಂಬಿ ಹೋಗಬೇಕಿತ್ತು. ಆ ಕಾನೂನು 1882ರದ್ದು, ರದ್ದಾಗಿದ್ದು 1943ರಲ್ಲಿ. 1928ರಲ್ಲಿ ಅಕ್ಕನನ್ನ ಜೊತೆಗೆ ಕರ್ಕೊಂಡು ಯೂರೋಪಿಗೆ ಹೊರಟಳು. ಬರ್ಲಿನ್ನಿನಲ್ಲಿ ರಿಚರ್ಡ್ ಐಶ್‌ಬರ್ಗ್ ಅವಳನ್ನೇ ನಾಯಕಿ ಮಾಡಿ ‘ಸಾಂಗ್’ ಅಂತ ಚಿತ್ರ ತೆಗೆದರು. ಅಲ್ಲಿ ವಾಲ್ಟರ್ ಬೆಂಜಮಿನ್ ಅಂಥ ಚಿಂತಕರು ಅವಳನ್ನ ಭೇಟಿ ಮಾಡಿ ಪತ್ರಿಕೆಗೆ ಲೇಖನ ಬರೆದರು. ಅದೇ ಹೊತ್ತಿಗೆ ಬಂದದ್ದು ‘ಪಿಕಡಿಲಿ’.

ಇಲ್ಲೂ ಪೂರ್ತಿ ನ್ಯಾಯ ಸಿಗಲಿಲ್ಲ ಅನ್ನಿ. ಜಾಹೀರಾತಿನಲ್ಲಿ ಮೊದಲ ಹೆಸರು ಮೇಬಲ್ ಪಾತ್ರದ ಗಿಲ್ಡಾ ಗ್ರೇ ಅವರದು. ಅವರೂ ಕಷ್ಟದಿಂದ ಬಂದವರೇ. ಪೋಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದ ಕುಟುಂಬ, ಹುಟ್ಟುಹೆಸರು ಮರಿಯಾನ್ನಾ ಮಿಹಾಲ್ಸ್ಕಾ. ಭುಜ ಅದುರಿಸೋ ‘ಶಿಮ್ಮಿ’ ಕುಣಿತ ಅಮೆರಿಕದಲ್ಲಿ ಮನೆಮಾತಾಗೋದಕ್ಕೆ ಅವರು ದೊಡ್ಡ ಕಾರಣ. ನ್ಯೂಯಾರ್ಕಿನ ಜೀಗ್‌ಫೆಲ್ಡ್ ಫಾಲೀಸ್ ರಂಗದ ಮೇಲೆ ಕುಣಿದವರು. ಹಣ ಕೊಟ್ಟು ಕರೆಸಿದ್ದು ಅವರನ್ನ ನೋಡೋಕೆ, ಜನ ನೋಡಿಕೊಂಡು ಹೋದದ್ದು ಆನಾ ಮೇ ವಾಂಗ್‌ನ. ಕಥೆಯೊಳಗೆ ಮೇಬಲ್‌ಗೆ ಆದದ್ದೇ ಕಥೆಯ ಹೊರಗೆ ಗಿಲ್ಡಾ ಗ್ರೇ ಅವರಿಗೂ ಆಯ್ತು.

ಕ್ಲಬ್ಬಿನಲ್ಲಿ ಶೋಶೋಳ ಮೊದಲ ದಿನದ ಕುಣಿತ ಹೇಗಿದೆ ಗೊತ್ತಾ? ತಲೆ ಮೇಲೆ ಗೋಪುರದಂಥ ಹೊಳೆಯೋ ಕಿರೀಟ, ಮೈಮೇಲೆ ಥಳಥಳ ಲೋಹದ ಉಡುಪು. ಚೀನಾದ್ದಲ್ಲ ಅದು. ಥಾಯ್ ದೇಶದ ಕಡೆಯ ನೃತ್ಯದವರನ್ನ ನೆನಪಿಗೆ ತರುತ್ತೆ. ಪೂರ್ವದವರೆಲ್ಲ ಒಂದೇ ಅಂತ ಕ್ಲಬ್ಬಿನ ಗಿರಾಕಿಗಳು ತಿಳ್ಕೊಂಡಿದ್ದಾರೆ, ಅವರು ಬಯಸಿದ್ದನ್ನ ಶೋಶೋ ಬೆಲೆ ಕಟ್ಟಿ ಮಾರ್ತಿದ್ದಾಳೆ. ಮೇಬಲ್ ಕುಣಿಯೋವಾಗ ಕೈಕಾಲು ಜೋರಾಗಿ ಬೀಸುತ್ತೆ. ಇವಳದು ತೀರ ನಿಧಾನ. ಒಂದು ಕೈ ಏಳೋಕೆ ಎಷ್ಟು ಹೊತ್ತು ತಗೋಬೇಕೋ ಅಷ್ಟು ಹೊತ್ತು ತಗೊಳ್ಳುತ್ತೆ. ಬೆಳಕು ಅವಳ ಸುತ್ತ ಆರತಿ ಎತ್ತಿದ ಹಾಗೆ ಸುಳಿಯುತ್ತೆ. ಕ್ಯಾಮೆರಾ ಅವಳಿಂದ ಜನರ ಕಡೆಗೆ ತಿರುಗುತ್ತೆ, ಅಲ್ಲಿ ಯಾರೂ ಅಲುಗಾಡ್ತಿಲ್ಲ. ಪಾತ್ರೆ ಕೋಣೆಯಲ್ಲಿ ಕೆಲಸದವರು ಹೇಗೆ ಕೈ ಬಿಟ್ಟು ನಿಂತಿದ್ದರೋ ಶ್ರೀಮಂತರೂ ಹಾಗೇ ಕೂತಿದ್ದಾರೆ. ಅವಳು ಎರಡೂ ಕಡೆ ಅದೇ ಶೋಶೋ.

ಆರ್ನಾಲ್ಡ್ ಬೆನೆಟ್ ಅವರಿಗೆ ಹೋಟೆಲುಗಳ ಒಳಹೊರಗು ಬಹಳ ಇಷ್ಟದ ವಿಷಯ. ಮರುವರ್ಷ, 1930ರಲ್ಲಿ, ‘ಇಂಪೀರಿಯಲ್ ಪ್ಯಾಲೆಸ್’ ಅಂತ ಒಂದು ದೊಡ್ಡ ಹೋಟೆಲಿನ ಬದುಕನ್ನೇ ಕಾದಂಬರಿ ಮಾಡಿದರು. ಅದಕ್ಕೇ ಈ ಕಥೆಯಲ್ಲಿ ಮೆರೆಯೋ ಹಜಾರ, ಅದರ ಹಿಂದೆ ಬೇಯಿಸೋ ಅಡುಗೆಮನೆ, ಅದಕ್ಕೂ ಹಿಂದೆ ತೊಳೆಯೋ ಕೋಣೆ, ಎಲ್ಲ ಅಷ್ಟು ಸ್ಪಷ್ಟ. ಪ್ರೇಮಕಥೆ ಅಂತ ಕೂತವರಿಗೆ ಮೊದಲು ಕಾಣಿಸೋದು ಕೆಲಸ. ಒಂದು ತಟ್ಟೆ ಎಷ್ಟು ಕೈ ದಾಟಿ ಮೇಜಿಗೆ ಬರುತ್ತೆ, ತಪ್ಪಾದಾಗ ಆ ಬೈಗುಳ ಎಷ್ಟು ಮೆಟ್ಟಿಲು ಇಳಿದು ಯಾರ ತಲೆ ಮೇಲೆ ಬೀಳುತ್ತೆ ಅಂತ.

ಪ್ರೀತಿ ವಿಷಯಕ್ಕೆ ಬರ್ತೀನಿ ಇರಿ. ವಿಲ್ಮಟ್, ಶೋಶೋ ಒಂದು ರಾತ್ರಿ ಲೈಮ್‌ಹೌಸ್ ಕಡೆ ಒಂದು ಹೆಂಡದ ಅಂಗಡಿಗೆ ಹೋಗ್ತಾರೆ. ಬಡವರ ಜಾಗ, ಎಲ್ಲರೂ ಕುಡಿದು ಕುಣೀತಿದ್ದಾರೆ. ಬಿಳಿ ಹೆಂಗಸೊಬ್ಬಳು ಕಪ್ಪು ಗಂಡಸಿನ ಜೊತೆ ಹೆಜ್ಜೆ ಹಾಕ್ತಾಳೆ. ಅಂಗಡಿಯವನು ಓಡಿಬಂದು ತಡೀತಾನೆ, ದೊಡ್ಡ ಜಗಳವಾಗುತ್ತೆ, ಅವಳನ್ನ ಆಚೆಗೆ ಹಾಕ್ತಾರೆ. ಇವರಿಬ್ಬರೂ ಒಂದು ಮೂಲೇಲಿ ನಿಂತು ನೋಡ್ತಾರೆ. ತಾವೂ ಅದೇ ಗೆರೆ ದಾಟ್ತಿರೋರು ಅನ್ನೋದು ಇಬ್ಬರ ಮುಖದ ಮೇಲೂ ಬರುತ್ತೆ. ಯಾರೂ ಅದನ್ನ ಬಾಯಿಬಿಟ್ಟು ಹೇಳೋಲ್ಲ. ಆಮೇಲೆ ಅವಳ ಮನೆ. ಮುಖಕ್ಕೆ ಮುಖ ಹತ್ತಿರ ಬರುತ್ತೆ, ಮುತ್ತು ಮಾತ್ರ ನಮಗೆ ತೋರಿಸೋಲ್ಲ. ದೃಶ್ಯ ಅಲ್ಲಿಗೇ ಮುಗಿಯುತ್ತೆ.

ಯಾಕೆ ಅಂದ್ರೆ, ಬಿಳಿಯ ಗಂಡಸು ಚೀನೀ ಹೆಂಗಸನ್ನ ಪರದೆ ಮೇಲೆ ಮುದ್ದಿಸೋದನ್ನ ಆಗಿನವರು ಒಪ್ತಿರಲಿಲ್ಲ. ಅವಳ ಸ್ವಂತ ಊರಿರೋ ಕ್ಯಾಲಿಫೋರ್ನಿಯಾದಲ್ಲಿ ಅಂಥ ಮದುವೆಯೇ ಕಾನೂನಿಗೆ ವಿರುದ್ಧ. ಆ ನಿಷೇಧವನ್ನ ಅಲ್ಲಿನ ನ್ಯಾಯಾಲಯ ತೆಗೆದುಹಾಕಿದ್ದು 1948ರಲ್ಲಿ. ಹೀಗಾಗಿ ಅವಳು ಎಷ್ಟೇ ದೊಡ್ಡ ನಟಿಯಾದರೂ ಪ್ರೇಮಕಥೆಯ ನಾಯಕಿಯಾಗಿ ಕಥೆಯ ಕೊನೆ ತನಕ ಬದುಕಿ ಬರೋ ದಾರಿಯೇ ಇರಲಿಲ್ಲ. ನಾಯಕನ ಕೈಹಿಡಿಯೋ ಹಾಗಿಲ್ಲ, ಮುತ್ತು ಕೊಡೋ ಹಾಗಿಲ್ಲ. ಹಾಗಾದ್ರೆ ಕಥೆ ಬರೆಯೋರು ಅವಳನ್ನ ಏನು ಮಾಡಬೇಕು?

ಹೌದಕ್ಕ. ಸಾಯಿಸ್ತಾರೆ.

ಮೇಬಲ್ ಒಂದು ರಾತ್ರಿ ಶೋಶೋ ಮನೆಗೆ ಬರ್ತಾಳೆ, ಅವನನ್ನ ಬಿಟ್ಟುಕೊಡು ಅಂತ ಬೇಡ್ಕೋತಾಳೆ. ಶೋಶೋ ಸೋಲೋಲ್ಲ. ಮೇಬಲ್ ಅಳ್ತಾ ಕೈಚೀಲಕ್ಕೆ ಕೈ ಹಾಕ್ತಾಳೆ, ಒಳಗೆ ಪಿಸ್ತೂಲು ಕಾಣಿಸುತ್ತೆ. ಶೋಶೋ ಗೋಡೆ ಕಡೆಯಿಂದ ಕಠಾರಿ ತಗೋತಾಳೆ. ಆಮೇಲೆ ಏನಾಯ್ತು ಅಂತ ತೋರಿಸೋದೇ ಇಲ್ಲ. ಬೆಳಗ್ಗೆ ಪತ್ರಿಕೆಯಲ್ಲಿ ಕೊಲೆಯ ಸುದ್ದಿ. ಅನುಮಾನ ವಿಲ್ಮಟ್ ಮೇಲೆ. ವಿಚಾರಣೆ ನಡೆಯುತ್ತೆ. ಮೇಬಲ್ ಬಂದು ಸಾಕ್ಷಿ ಹೇಳ್ತಾಳೆ, ನನಗೆ ಪ್ರಜ್ಞೆ ತಪ್ಪಿತು, ಎಚ್ಚರವಾದಾಗ ಬೀದಿಯಲ್ಲಿ ಓಡ್ತಿದ್ದೆ ಅಂತ. ಕೊನೆಗೆ ನಿಜ ಬರೋದು ಜಿಮ್‌ನಿಂದ. ಅವನೇ ಕೊಂದವನು. ಶೋಶೋಳ ಹೆಣದ ಹತ್ತಿರ ತನಗೇ ಗುಂಡು ಹಾರಿಸ್ಕೊಂಡು, ಒಪ್ಪಿಕೊಂಡು, ಅವನೂ ಸಾಯ್ತಾನೆ.

ಮೇಬಲ್ ಪಾಪ ಅಂತ ನೀವು ಹೇಳ್ತಿರೋದು ಸರಿ. ನಾನು ಅವಳನ್ನ ದೂರೋಲ್ಲ. ಇಷ್ಟು ದಿನ ಕುಣಿಸಿ, ಜನ ಬರೋದು ನಿಂತಕೂಡಲೆ ಪಕ್ಕಕ್ಕೆ ಸರಿಸಿದ್ರೆ ಯಾವ ಕಲಾವಿದೆಗೆ ಎದೆ ಒಡೆಯೋಲ್ಲ ಹೇಳಿ? ಅವಳ ಹೊಟ್ಟೆಪಾಡೂ ಹೋಯ್ತು, ಪ್ರೀತಿಯೂ ಹೋಯ್ತು, ಎರಡೂ ಒಬ್ಬನ ಕೈಲಿತ್ತು. ಅಲ್ಲೇ ನೋಡಿ ಕಥೆಯ ಗಂಟು. ಕೆಲಸ ಕೊಡೋನೂ ವಿಲ್ಮಟ್, ತೆಗೆಯೋನೂ ವಿಲ್ಮಟ್, ಪ್ರೀತಿ ಒಬ್ಬಳಿಂದ ಇನ್ನೊಬ್ಬಳಿಗೆ ಹೊತ್ತುಕೊಂಡು ಹೋಗೋನೂ ಅವನೇ. ಕಥೆ ಮಾತ್ರ ಇಬ್ಬರು ಹೆಂಗಸರನ್ನ ಎದುರುಬದುರು ನಿಲ್ಲಿಸಿ ಒಬ್ಬಳ ಕೈಗೆ ಪಿಸ್ತೂಲು, ಇನ್ನೊಬ್ಬಳ ಕೈಗೆ ಕಠಾರಿ ಕೊಡುತ್ತೆ. ಅವನು ಕೊನೆಗೆ ನಿರಪರಾಧಿಯಾಗಿ ಆಚೆ ಬರ್ತಾನೆ. ಚೀನೀ ಹುಡುಗಿ, ಚೀನೀ ಹುಡುಗ, ಇಬ್ಬರೂ ಮಣ್ಣಿಗೆ ಹೋದರು.

ಆನಾ ಮೇ ವಾಂಗ್‌ಗೆ ಇದು ಮೊದಲ ಸಾವಲ್ಲ. ‘ದಿ ಟೋಲ್ ಆಫ್ ದಿ ಸೀ’ಯಲ್ಲಿ ಅಮೆರಿಕದ ಗಂಡಸಿಗೆ ಮನಸ್ಸು ಕೊಟ್ಟು, ಹೆತ್ತ ಮಗನನ್ನೂ ಅವನಿಗೇ ಒಪ್ಪಿಸಿ ಸಮುದ್ರಕ್ಕೆ ಬೀಳ್ತಾಳೆ. ‘ಸಾಂಗ್’ನಲ್ಲಿ ಕತ್ತಿಗಳ ನಡುವೆ ಕುಣೀತಾ ಕತ್ತಿ ಮೇಲೇ ಬೀಳ್ತಾಳೆ. ಇಲ್ಲಿ ಗುಂಡು. ಸಾವಿರ ಸಾವು ಸತ್ತವಳು ಅಂತ ತನ್ನ ಸಮಾಧಿ ಮೇಲೆ ಬರೀಬೇಕು ಅಂತ ಅವಳೇ ಹೇಳಿದ್ದಳು ಅಂತಾರೆ. ನಮ್ಮ ಹಳೇ ಸಿನಿಮಾಗಳ ಕ್ಲಬ್ ಡ್ಯಾನ್ಸರ್ ನೆನಪು ಮಾಡ್ಕೊಳ್ಳಿ. ಒಳ್ಳೇ ಮನಸ್ಸಿನವಳು, ನಾಯಕನನ್ನ ಒಳಗೊಳಗೇ ಪ್ರೀತಿಸೋಳು. ಕೊನೇ ರೀಲಿನಲ್ಲಿ ಖಳನ ಗುಂಡಿಗೆ ಎದೆ ಕೊಟ್ಟು ನಾಯಕನ ತೊಡೆ ಮೇಲೆ ಪ್ರಾಣ ಬಿಡೋಳು. ನಾವೆಲ್ಲ ಅತ್ತು, ಸೆರಗಲ್ಲಿ ಮೂಗು ಒರೆಸ್ಕೊಂಡು, ನಾಯಕನ ಮದುವೆ ನೋಡಿ ಮನೆಗೆ ಬರ್ತಿದ್ದೆವು. ಕುಣಿಯೋಳು ಸತ್ತರೇ ಸಂಸಾರ ನಿಲ್ಲುತ್ತೆ ಅನ್ನೋ ನಂಬಿಕೆ ಲಂಡನ್ನಿಗೂ ಇತ್ತು, ನಮಗೂ ಇತ್ತು.

ಇರಿ, ಎಲ್ಲ ಕಡೆ ಹೀಗೇ ಅಲ್ವಾ ಅಂದ್ರಿ. ಅಲ್ಲ ಅಕ್ಕ! ‘ಮೃಚ್ಛಕಟಿಕ’ ನಾಟಕ ನೆನಪು ಮಾಡ್ಕೊಳ್ಳಿ. ವಸಂತಸೇನೆ ಗಣಿಕೆ. ನೃತ್ಯ, ಸಂಗೀತ ಬಲ್ಲವಳು, ಉಜ್ಜಯಿನಿಗೇ ಹೆಸರಾದವಳು. ಬಡವನಾದ ಚಾರುದತ್ತನನ್ನ ತಾನೇ ಮೆಚ್ಚಿ ಬರ್ತಾಳೆ. ಖಳ ಶಕಾರ ಅವಳ ಕತ್ತು ಹಿಸುಕ್ತಾನೆ, ಸತ್ತಳು ಅಂತ ಎಲೆ ಮುಚ್ಚಿ ಹೋಗ್ತಾನೆ. ಆಪಾದನೆ ಪ್ರಿಯಕರನ ಮೇಲೆ, ನ್ಯಾಯಸಭೆಯಲ್ಲಿ ವಿಚಾರಣೆ, ಮರಣದಂಡನೆ. ಇಷ್ಟರ ತನಕ ‘ಪಿಕಡಿಲಿ’ಗೂ ಇದಕ್ಕೂ ಎಷ್ಟು ಹೊಂದುತ್ತೆ ನೋಡಿ! ಒಂದು ಕಾಲಕ್ಕೆ ಅವಳೇ ಋಣ ತೀರಿಸಿ ಕಾಪಾಡಿದ್ದವನು ಈಗ ಬೌದ್ಧ ಭಿಕ್ಷು. ಅವನು ಅವಳಿಗೆ ನೀರು ಕೊಟ್ಟು ಉಳಿಸ್ತಾನೆ. ಅವಳು ವಧಾಸ್ಥಾನಕ್ಕೆ ಓಡಿಬಂದು ತನ್ನವನನ್ನ ಉಳಿಸ್ಕೋತಾಳೆ. ಹೊಸ ರಾಜ ಅವಳಿಗೆ ವಧು ಅನ್ನೋ ಮರ್ಯಾದೆ ಕೊಡ್ತಾನೆ. ಚಾರುದತ್ತನ ಹೆಂಡತಿ ಧೂತೆ ಅವಳನ್ನ ತಂಗಿ ಅಂತ ಅಪ್ಪಿಕೊಳ್ತಾಳೆ. ನಾಟಕ ಬರೆದ ಶೂದ್ರಕ ಅಷ್ಟು ಹಿಂದೆಯೇ ಆ ಬಾಗಿಲು ತೆರೆದಿಟ್ಟಿದ್ದ. ಅದೂ ಗಂಡಸಿನ ಅನುಕೂಲಕ್ಕೇ ಕಟ್ಟಿದ ಮುಕ್ತಾಯ ಅಂತ ನೀವು ವಾದ ಮಾಡಬಹುದು, ಮಾಡಿ. ಆದರೆ ವಸಂತಸೇನೆ ಉಸಿರಾಡ್ತಾ ಇದ್ದಾಳೆ. ನನಗೆ ಅದು ದೊಡ್ಡದು.

ಇನ್ನೊಂದು ಮಾತು ನಿಮಗೆ ಗೊತ್ತಾ? ಮೂಕಿ ಚಿತ್ರಗಳ ಆ ಕೊನೇ ದಿನಗಳಲ್ಲಿ ನಮ್ಮಲ್ಲೂ ಈ ವಸಂತಸೇನೆ ಪರದೆಗೆ ಬಂದಳು. ಮೋಹನ್ ಭವನಾನಿ ತೆಗೆದದ್ದು. ಏಣಾಕ್ಷಿ ರಾಮರಾವ್ ವಸಂತಸೇನೆ. ಹಿಮಾಂಶು ರಾಯ್ ಅವರ ‘ಶಿರಾಜ್’ನಲ್ಲಿ ತಾಜಮಹಲಿನ ಮುಮ್ತಾಜ್ ಆಗಿದ್ದವರು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಅದರಲ್ಲಿ ಅಭಿನಯಿಸಿದರು. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಮುಖಕ್ಕೆ ಬಣ್ಣ ಹಚ್ಚೋದು ಉಂಟಾ ಅನ್ನೋ ಕಾಲ ಅದು. ಓದಿದ, ಸ್ವಾತಂತ್ರ್ಯ ಹೋರಾಟಕ್ಕೆ ಇಳಿದ ಹೆಣ್ಣುಮಗಳು ಕ್ಯಾಮೆರಾ ಮುಂದೆ ಬಂದು ನಿಂತರು. ಕಮಲಾದೇವಿಯವರನ್ನ ನಾವು ಕರಕುಶಲ ಕಲೆಗೆ ಜೀವ ತೇದವರು ಅಂತ ನೆನೀತೀವಿ. ಈ ಧೈರ್ಯವನ್ನೂ ನೆನೀಬೇಕು.

ಲಂಡನ್ನಿಗೆ ವಾಪಸ್ ಹೋಗೋಣ. ‘ಪಿಕಡಿಲಿ’ ಬಂದ ವರ್ಷವೇ, ಅದೇ ಎಲ್‌ಸ್ಟ್ರೀಯಲ್ಲಿ, ಅದೇ ಕಂಪನಿಗೆ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ತೆಗೀತಿದ್ದರು. ಮೂಕಿಯಾಗಿ ಶುರುವಾದದ್ದು ಟಾಕಿಯಾಗಿ ಮುಗೀತು. ಎಲ್ಲರಿಗೂ ಮಾತಿನ ಹುಚ್ಚು. ‘ಪಿಕಡಿಲಿ’ಗೂ ಆಮೇಲೆ ಒಂದು ಮಾತಿನ ಪೀಠಿಕೆ ಅಂಟಿಸಿದರು. ಆನಾ ಮೇ ವಾಂಗ್ ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಲಂಡನ್ ರಂಗಭೂಮಿಯ ಮೇಲೆ ‘ದಿ ಸರ್ಕಲ್ ಆಫ್ ಚಾಕ್’ ಅನ್ನೋ ನಾಟಕದಲ್ಲಿ ಲಾರೆನ್ಸ್ ಒಲಿವಿಯರ್ ಜೊತೆ ನಿಂತಳು. ಅಮೆರಿಕದ ಉಚ್ಚಾರಣೆ ಅಂತ ವಿಮರ್ಶಕರು ಆಡಿಕೊಂಡಾಗ ಗುರು ಹಿಡಿದು ಇಂಗ್ಲಿಷ್ ಮಾತಿನ ಧಾಟಿ ಅಭ್ಯಾಸ ಮಾಡಿದಳು. ಜರ್ಮನ್, ಫ್ರೆಂಚ್ ಎರಡನ್ನೂ ಕಲಿತಳು. ಒಂದೇ ಕಥೆಯ ಟಾಕಿಯನ್ನ ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ತೆಗೆದಾಗ ಮೂರಕ್ಕೂ ಅವಳೇ ನಾಯಕಿ. ಲಾಂಡ್ರಿಯವನ ಮಗಳು!

ಅಷ್ಟು ಮಾಡಿ ಹಾಲಿವುಡ್ಡಿಗೆ ಮರಳಿದಳು. 1932ರ ‘ಶಾಂಘೈ ಎಕ್ಸ್‌ಪ್ರೆಸ್’ನಲ್ಲಿ ಮಾರ್ಲಿನ್ ಡೀಟ್ರಿಕ್ ಪಕ್ಕ ಅವಳು ಸುಮ್ಮನೆ ಕೂತಿದ್ದರೂ ನಮ್ಮ ಕಣ್ಣು ಅವಳ ಕಡೆಗೇ ಹೋಗುತ್ತೆ. ಮೂಕಿಯಲ್ಲಿ ಕಲಿತ ವಿದ್ಯೆ ಅದು. ಆಮೇಲೆ ಪರ್ಲ್ ಬಕ್ ಅವರ ‘ದಿ ಗುಡ್ ಅರ್ಥ್’ ಸಿನಿಮಾ ಆಗುತ್ತೆ ಅಂತ ಸುದ್ದಿ ಬಂತು. ಚೀನಾದ ರೈತರ ಕಥೆ, ರೈತನ ಹೆಂಡತಿ ಓ-ಲಾನ್ ಪಾತ್ರ. ಅದಕ್ಕೆ ಇವಳಿಗಿಂತ ಬೇರೆ ಯಾರು ಬೇಕು ಹೇಳಿ? ಪಾತ್ರ ಕೊಟ್ಟದ್ದು ಲೂಯಿಸ್ ರೈನರ್‌ಗೆ. ಅವರಿಗೆ ಅದಕ್ಕೆ ಆಸ್ಕರ್ ಕೂಡ ಬಂತು. ಇವಳಿಗೆ ತೋರಿಸಿದ್ದು ಲೋಟಸ್ ಅನ್ನೋ ಎರಡನೆಯವಳ ಪಾತ್ರ, ಸಂಸಾರ ಒಡೆಯೋಳು. ಚೀನೀ ಕಥೆಯಲ್ಲಿ ಚೀನೀ ನಟಿಗೇ ಅಂಥ ಪಾತ್ರವಾ ಅಂತ ಅವಳು ಒಪ್ಪಲಿಲ್ಲ. 1936ರಲ್ಲಿ, ಹಿರೀಕರ ನಾಡನ್ನ ನೋಡಿ ಬರ್ತೀನಿ ಅಂತ ಚೀನಾಕ್ಕೆ ಹೊರಟುಹೋದಳು. ಈ ನಿರಾಕರಣೆ ನನಗೆ ಅವಳ ಯಾವ ಕುಣಿತಕ್ಕೂ ಕಡಿಮೆಯದಲ್ಲ.

ಮುಂದಿನದು ಬೇಗ ಹೇಳ್ತೀನಿ, ನಿಮ್ಮ ಒಲೆ ಮೇಲೆ ಬೇಳೆ ಇದೆ. 1951ರಲ್ಲಿ ಅಮೆರಿಕದ ಟಿವಿಯಲ್ಲಿ ಅವಳಿಗಾಗಿಯೇ ಒಂದು ಪತ್ತೇದಾರಿ ಧಾರಾವಾಹಿ ಬಂತು. ಪಾತ್ರದ ಹೆಸರು ಮೇಡಂ ಲಿಯು-ತ್ಸೋಂಗ್. ಕರಾರಿನ ಕಾಗದದ ಮೇಲೆ ಬರೆದ ಹೆಸರೇ. 1960ರಲ್ಲಿ ಹಾಲಿವುಡ್ ರಸ್ತೆಯ ಮೇಲೆ ನಕ್ಷತ್ರ, 1961ರ ಫೆಬ್ರವರಿ 3ಕ್ಕೆ ಕಾಲವಾದಳು. ಇನ್ನೂ ಅರವತ್ತು ಆಗಿರಲಿಲ್ಲ. 2022ರಲ್ಲಿ ಅಮೆರಿಕ ಸರ್ಕಾರ ಅವಳ ಮುಖ ಇರೋ ಕಾಲು ಡಾಲರ್ ನಾಣ್ಯ ಹೊರಡಿಸಿತು. ದೇಶಕ್ಕೆ ಮರಳೋಕೆ ಅರ್ಜಿ ಬರೆಸಿಕೊಂಡ ಸರ್ಕಾರದ ನಾಣ್ಯದ ಮೇಲೇ ಈಗ ಅವಳಿದ್ದಾಳೆ.

‘ಪಿಕಡಿಲಿ’ ಬಹಳ ಕಾಲ ಮೂಲೆಗೆ ಬಿದ್ದಿತ್ತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು ಹಳೇ ರೀಲುಗಳನ್ನ ಸರಿಮಾಡಿ 2003ರಲ್ಲಿ ಮತ್ತೆ ತೋರಿಸಿದರು. ನೀಲ್ ಬ್ರ್ಯಾಂಡ್ ಹೊಸದಾಗಿ ಸಂಗೀತ ಕೂಡಿಸಿದರು. ಆ ಕಾಲದ ರೂಢಿಯಂತೆ ಕೆಲವು ದೃಶ್ಯಗಳಿಗೆ ಜೇನಿನ ಬಣ್ಣ, ಕೆಲವಕ್ಕೆ ನೀಲಿ. ನೀಲಿ ಬೆಳಕಿನ ಲಂಡನ್ ರಾತ್ರಿ ನೋಡೋಕೆ ಬಲು ಚೆನ್ನ.

ಮುಕ್ತಾಯ ಒಂದು ಹೇಳೋದು ಉಳೀತು. ಶೋಶೋ ಸತ್ತ ಸುದ್ದಿ ಇರೋ ಪತ್ರಿಕೆಯನ್ನ ಬೀದಿಯಲ್ಲಿ ಒಬ್ಬ ಕೊಂಡ್ಕೋತಾನೆ. ಕೊಲೆ ಸುದ್ದಿ ಮೇಲೆ ಕಣ್ಣಾಡಿಸಿ ಕುದುರೆ ಜೂಜಿನ ಫಲಿತಾಂಶಕ್ಕೆ ಹಾಳೆ ತಿರುಗಿಸ್ತಾನೆ, ತನ್ನ ಕುದುರೆ ಗೆದ್ದಿದೆ ಅಂತ ಹಿಗ್ಗಿ ಹೋಗ್ತಾನೆ. ಲೋಕ ಹೀಗೇ, ಯಾರು ಸತ್ತರೂ ನಡೀತಾ ಇರುತ್ತೆ ಅಂತ ಹೇಳೋಕೆ ಡ್ಯೂಪಾಂಟ್ ಅದನ್ನ ಇಟ್ಟರು. ನಾನು ಅದನ್ನ ಒಪ್ಪೋಲ್ಲ ಅಕ್ಕ. ಅಲ್ಲಿಯ ತನಕ ಅವರೇ ನನಗೆ ಅವಳ ಹರಿದ ಕಾಲ್ಚೀಲ ತೋರಿಸಿದ್ದಾರೆ, ಅವಳು ಕರಾರು ಹಾಕುವಾಗಿನ ಠೀವಿ ತೋರಿಸಿದ್ದಾರೆ, ಅವಳ ಕೈ ಏಳೋದನ್ನ ನಾನು ಉಸಿರು ಹಿಡಿದು ನೋಡೋ ಹಾಗೆ ಮಾಡಿದ್ದಾರೆ. ಇಷ್ಟು ಪ್ರೀತಿಯಿಂದ ತೋರಿಸಿದವಳನ್ನ ಒಂದು ಗುಂಡಿಗೆ ಕೊಟ್ಟು ಮರೆತುಬಿಡಿ ಅಂದರೆ ಆಗುತ್ತಾ? ಬರೆದ ಕಥೆ ಆ ಕಾಲದ ಕಟ್ಟಳೆಗೆ ತಲೆಬಾಗಿ ಅವಳನ್ನ ಸಾಯಿಸಿತು. ಕ್ಯಾಮೆರಾ ಆ ಕಟ್ಟಳೆಯನ್ನ ಮೀರಿ ಅವಳನ್ನ ನಾಯಕಿ ಮಾಡಿಬಿಟ್ಟಿತ್ತು. ಅವಳ ಸಾವು ಅನ್ಯಾಯ ಅಂತ ಇವತ್ತಿಗೂ ನಮಗೆ ಅನ್ನಿಸುತ್ತಲ್ಲ, ಅದು ಆ ಕ್ಯಾಮೆರಾದ ಮತ್ತು ಆ ನಟಿಯ ಗೆಲುವು.

ಭಾನುವಾರ ಸಂಜೆ ನಮ್ಮನೆ ಟಿವಿಗೆ ಹಾಕ್ತೀನಿ, ಬನ್ನಿ. ಎರಡು ಗಂಟೆಯೂ ಆಗೋಲ್ಲ. ಸೊಸೇನೂ ಕರ್ಕೊಂಡು ಬನ್ನಿ, ಅವಳು ಭರತನಾಟ್ಯ ಕಲಿತವಳು, ಆ ಕೈಗಳ ನಿಧಾನ ನಮ್ಮಿಬ್ಬರಿಗಿಂತ ಅವಳಿಗೆ ಚೆನ್ನಾಗಿ ಅರ್ಥವಾಗುತ್ತೆ. ಮೇಬಲ್ ಪರ ನೀವು ವಾದ ಮಾಡಿ, ಶೋಶೋ ಪರ ನಾನಿದ್ದೀನಿ. ವಿಲ್ಮಟ್ ಪರ ಮಾತಾಡೋರು ಯಾರಾದ್ರೂ ಇದ್ರೆ ಭಾವನವರನ್ನ ಕೇಳಿ ನೋಡಿ, ಅವರೂ ಬರಲಿ.